ಮಾತಾಡುತ್ತಾ ನಡೆಯುವುದು

(ಒಬ್ಬರು ದೂರವಾಣಿ ನಗರದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಿಂದ ನಿವೃತ್ತರಾಗಿ ಕೆ.ಆರ್. ಪುರದಲ್ಲಿ ನೆಲೆಸಿದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಇಂದಿರಾನಗರದಲ್ಲಿ ಫಿಸಿಯೋಥೆರಪಿಸ್ಟ್.)

ದೊಡ್ಡಮ್ಮ: ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೀತೀನಿ. ಬಿ.ಪಿ. ಹತೋಟಿಯಲ್ಲಿದೆ, ಸಕ್ಕರೆ ಇನ್ನೂ ಗಡಿ ದಾಟಿಲ್ಲ. ಇಷ್ಟಾದ ಮೇಲೂ ಸಾಲದು ಅಂತೀಯಲ್ಲ. ಎಪ್ಪತ್ತು ದಾಟಿದವಳು ಇನ್ನೇನು ಮಾಡಬೇಕು ಹೇಳು.

ಮಗಳು: ನಡಿಗೆ ಬಿಡಿ ಅಂತ ನಾನು ಹೇಳ್ತಿಲ್ಲ ದೊಡ್ಡಮ್ಮ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಅದು ಬೇಕೇ ಬೇಕು. ಆದ್ರೆ ನೀವು ಕೆ.ಆರ್. ಪುರದಲ್ಲಿ ಬಸ್ ಹತ್ತಿ, ಶಿವಾಜಿನಗರದಲ್ಲಿ ಇಳಿದು, ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ತಗೊಂಡು ಒಬ್ಬರೇ ವಾಪಸ್ ಬರ್ತೀರಲ್ಲ, ಅದು ಇನ್ನೂ ಹತ್ತು ವರ್ಷ ನಡೀಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಬೆಳಗಿನ ವಾಕಿಂಗ್ ಒಂದೇ ಸಾಲದು. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು ಬೇರೆ ಬೇರೆ ದೇಶಗಳ 108 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದ್ರು, 23 ಸಾವಿರಕ್ಕೂ ಹೆಚ್ಚು ಹಿರಿಯರ ಲೆಕ್ಕ ಅದು. ವ್ಯಾಯಾಮ ಮಾಡಿದವರಲ್ಲಿ ಬೀಳೋದು ಸುಮಾರು ಶೇ. 23ರಷ್ಟು ಕಡಿಮೆಯಾಗಿತ್ತು. ಆ ಲಾಭ ಬಂದದ್ದು ಮುಖ್ಯವಾಗಿ ಸಮತೋಲನದ ಅಭ್ಯಾಸದಿಂದ, ಕೂತು ಏಳುವಂಥ ಅಭ್ಯಾಸದಿಂದ. ಬರೀ ನಡೆದರೆ ಬೀಳೋದು ತಪ್ಪುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ದೊಡ್ಡಮ್ಮ: ಅದು ಸರಿ ಇರಬಹುದು. ಬೆಳಿಗ್ಗೆ ನಾನು ನಡೆಯೋ ದಾರಿ ಮಟ್ಟಸ, ಮರದ ನೆರಳು, ಎದುರಿಗೆ ಬರೋರೆಲ್ಲ ಗೊತ್ತಿರೋರೇ. ಶಿವಾಜಿನಗರದಲ್ಲಿ ಹಾಗಲ್ಲ. ಕಣ್ಣು ಚಪ್ಪಡಿ ಮೇಲೆ, ಕಿವಿ ಹಿಂದಿನ ಹಾರ್ನ್ ಮೇಲೆ, ಕೈ ಚೀಲದ ಮೇಲೆ, ಮನಸ್ಸು ಚಿಲ್ಲರೆ ಲೆಕ್ಕದ ಮೇಲೆ. ಮೀನಿನ ಅಂಗಡಿ ಕಡೆ ನೆಲ ಯಾವಾಗ್ಲೂ ಒದ್ದೆ. ತಲೆ ಮೇಲೆ ಮೂಟೆ ಹೊತ್ತವನು ಬಂದ ಅಂದ್ರೆ ಪಕ್ಕಕ್ಕೆ ಸರೀಬೇಕು, ಸರಿಯೋಕೆ ಜಾಗ ಇದೆಯಾ ಅಂತ ಹಿಂದೆ ನೋಡಬೇಕು. ಮನೆಗೆ ಬರೋ ಹೊತ್ತಿಗೆ ಕಾಲಿಗಿಂತ ತಲೆ ಹೆಚ್ಚು ದಣಿದಿರುತ್ತೆ.

ಮಗಳು: ನಾನು ಹೇಳಬೇಕಾದ್ದನ್ನ ನೀವೇ ಹೇಳಿಬಿಟ್ರಿ. ವಯಸ್ಸಾದ ಮೇಲೆ ನಡಿಗೆ ಕಾಲಿನ ಕೆಲಸ ಅಷ್ಟೇ ಅಲ್ಲ, ತಲೆಯ ಕೆಲಸವೂ ಆಗುತ್ತೆ. ಮೂವತ್ತರ ವಯಸ್ಸಿನಲ್ಲಿ ಹೆಜ್ಜೆ ತಾನಾಗೇ ಬೀಳ್ತಿತ್ತು. ಈಗ ಪಾದದ ಸ್ಪರ್ಶ ಮಂದ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಮಂದ. ಕಣ್ಣಿಗೆ ಪೊರೆ, ಒಳಗಿವಿಯ ಸಮತೋಲನದ ಅಳತೆ ನಿಧಾನ. ಈ ಮೂರೂ ಕಡೆಯಿಂದ ಬರೋ ಸುದ್ದಿ ಕಡಿಮೆಯಾದಾಗ ಮೆದುಳಿನ ಮುಂಭಾಗ ಹೆಜ್ಜೆ ಹೆಜ್ಜೆಗೂ ಗಮನ ಕೊಡಬೇಕಾಗುತ್ತೆ. ಗಮನ ಅನ್ನೋದು ಇರೋದೇ ಇಷ್ಟು.

ದೊಡ್ಡಮ್ಮ: ನಮ್ಮ ಕಾರ್ಖಾನೆಯ ಹಳೇ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜ್ ಹಾಗೆ ಅನ್ನು. ಸಾವಿರ ಜನಕ್ಕೆ ಫೋನ್ ಕೊಟ್ಟಿದ್ರೂ ಕರೆ ಜೋಡಿಸೋಕೆ ಒಳಗಿರೋ ಸೆಲೆಕ್ಟರು ಅದಕ್ಕಿಂತ ಎಷ್ಟೋ ಕಡಿಮೆ. ಎಲ್ಲರೂ ಒಟ್ಟಿಗೆ ಫೋನೆತ್ತೋದಿಲ್ಲ ಅನ್ನೋ ಧೈರ್ಯದ ಮೇಲೆ ನಡೀತಿತ್ತು ಅದು. ಎಲ್ಲ ಸೆಲೆಕ್ಟರೂ ತುಂಬಿದ್ರೆ ಹೊಸದಾಗಿ ಡಯಲ್ ಮಾಡಿದವನಿಗೆ ಎಂಗೇಜ್ ಟೋನು.

ಮಗಳು: ಇದಕ್ಕಿಂತ ಚೆನ್ನಾಗಿ ನಮ್ಮ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಮೊದಲು ನಡಿಗೆಗೆ ಸೆಲೆಕ್ಟರೇ ಬೇಕಿರಲಿಲ್ಲ, ಈಗ ಎರಡು ಮೂರನ್ನ ಅದೇ ಹಿಡಿದುಕೊಂಡು ಕೂರುತ್ತೆ. ಆ ಹೊತ್ತಿಗೆ ಯಾರಾದ್ರೂ ಮಾತಾಡಿಸಿದ್ರೆ ಒಂದೋ ಮಾತು ನಿಲ್ಲಬೇಕು, ಇಲ್ಲ ಕಾಲು ನಿಲ್ಲಬೇಕು. 1997ರಲ್ಲಿ ಸ್ವೀಡನ್ನಿನವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದ್ರು. ವೃದ್ಧಾಶ್ರಮದಂಥ ವಸತಿಯ 58 ಜನರ ಜೊತೆ ನಡೀತಾ ನಡೀತಾ ಮಾತು ತೆಗೆದ್ರು, ಅಷ್ಟೇ. ಹನ್ನೆರಡು ಜನ ಉತ್ತರ ಕೊಡೋಕೆ ನಿಂತುಬಿಟ್ರು. ಮುಂದಿನ ಆರು ತಿಂಗಳಲ್ಲಿ ಆ ಹನ್ನೆರಡರಲ್ಲಿ ಹತ್ತು ಜನ ಬಿದ್ದಿದ್ರು. ಯಂತ್ರ ಇಲ್ಲ, ಸ್ಕ್ಯಾನ್ ಇಲ್ಲ, ಒಂದು ಮಾತು ಸಾಕಾಯ್ತು.

ದೊಡ್ಡಮ್ಮ: ಫೋನ್ ಬಂದ್ರೆ ನಾನೂ ನಿಂತೇ ಮಾತಾಡ್ತೀನಲ್ಲೇ. ಹಾಗಾದ್ರೆ ನನ್ನ ಕಥೆಯೂ ಅಷ್ಟೇನಾ?

ಮಗಳು: ರಸ್ತೆಯಲ್ಲಿ ನಿಂತು ಮಾತಾಡೋದು ಬುದ್ಧಿವಂತಿಕೆ, ಅದನ್ನ ಬಿಡಬೇಡಿ. ನಾನು ಹೇಳ್ತಿರೋದು ಬೇಕಂತ ನಿಲ್ಲೋದಲ್ಲ, ಗೊತ್ತಿಲ್ಲದೇ ನಿಂತುಹೋಗೋದು. ಮನೆಯಲ್ಲೇ ನೋಡ್ಕೋಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಹಿಡಿದ್ರೆ ಎಚ್ಚರ ಬೇಕು ಅಂತ ಅರ್ಥ. ಆಮೇಲೆ ಅದನ್ನೇ ಇನ್ನೊಂದು ಸಲ, ನೂರರಿಂದ ಮೂರು ಮೂರು ಕಳೀತಾ ಮಾಡಬೇಕು. ಎರಡನೇ ಸಲ ತುಂಬಾ ನಿಧಾನವಾದ್ರೆ, ಲೆಕ್ಕ ತಪ್ಪಿದ್ರೆ, ತಿರುಗುವಾಗ ತಡವರಿಸಿದ್ರೆ ಅಲ್ಲಿ ಅಭ್ಯಾಸ ಬೇಕು. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಒಬ್ಬರೇ ಮಾಡಬೇಡಿ.

ದೊಡ್ಡಮ್ಮ: ತಲೆಗೆ ಅಭ್ಯಾಸ ಅಂದ್ರೆ ದಿನಾ ಪದಬಂಧ ಬಿಡಿಸ್ತೀನಿ, ಸುಡೊಕು ಬಿಡಿಸ್ತೀನಿ. ಮೊಮ್ಮಗ ಫೋನಿನಲ್ಲಿ ಏನೋ ಆಟ ಹಾಕಿಕೊಟ್ಟಿದ್ದಾನೆ, ಬಣ್ಣ ಬಂದಾಗ ಒತ್ತೋದು. ಮೆದುಳು ಚುರುಕಾಗುತ್ತಂತೆ.

ಮಗಳು: ಪದಬಂಧ ಬಿಡಿಸಿದ್ರೆ ಪದಬಂಧ ಚೆನ್ನಾಗಿ ಬರುತ್ತೆ. ಅದರಲ್ಲಿ ಸಂತೋಷ ಇದೆ, ಬಿಡಬೇಡಿ. ಆ ಚುರುಕು ಮೆಟ್ಟಿಲು ಇಳಿಯುವಾಗ ಕಾಲಿಗೆ ಬರುತ್ತೆ ಅಂತ ಮಾತ್ರ ನಂಬಬೇಡಿ. ಲುಮೋಸಿಟಿ ಅನ್ನೋ ಪ್ರಸಿದ್ಧ ಆಟ ಮಾಡಿದ ಕಂಪನಿ ವಯಸ್ಸಿನ ಮರೆವು ತಡೀತೀವಿ ಅಂತ ಜಾಹೀರಾತು ಕೊಟ್ಟಿತ್ತು. ಅದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿ, 2016ರಲ್ಲಿ ಆ ಕಂಪನಿ 20 ಲಕ್ಷ ಡಾಲರ್ ಕಟ್ಟಬೇಕಾಯ್ತು. ಕಾಲನ್ನ ಒಂದು ಕಡೆ, ತಲೆಯನ್ನ ಒಂದು ಕಡೆ ಪಳಗಿಸಿದ್ರೆ ಸಾಲದು. ಎರಡೂ ಕೂಡಿ ಕೆಲಸ ಮಾಡೋದು ರಸ್ತೆಯಲ್ಲಿ, ಹಾಗಾಗಿ ಅಭ್ಯಾಸವೂ ಕೂಡಿಯೇ ಆಗಬೇಕು.

ದೊಡ್ಡಮ್ಮ: ಕೂಡಿಸೋದು ಹೇಗೆ? ಸುಡೊಕು ಹಿಡ್ಕೊಂಡು ನಡೆಯೋಕಾಗುತ್ತಾ?

ಮಗಳು: ನೀವು ಚಿಕ್ಕವರಿದ್ದಾಗ ಸಂಗೀತ ಕಲಿತಿದ್ರಲ್ಲ?

ದೊಡ್ಡಮ್ಮ: ಎರಡು ವರ್ಷ. ಸರಳೆ ವರಸೆ, ಜಂಟಿ ವರಸೆ, ಒಂದಷ್ಟು ಗೀತೆ. ಮದುವೆಯಾಯ್ತು, ಕೆಲಸ ಸಿಕ್ತು, ಅಲ್ಲಿಗೆ ನಿಂತುಹೋಯ್ತು.

ಮಗಳು: ಅಷ್ಟು ಸಾಕು. ಆದಿತಾಳಕ್ಕೆ ಎಂಟು ಹೆಜ್ಜೆ. ಲಘುವಿನ ನಾಲ್ಕು ಮುಂದಕ್ಕೆ, ದ್ರುತದ ಎರಡು ಬಲಕ್ಕೆ, ಇನ್ನೊಂದು ದ್ರುತದ ಎರಡು ಎಡಕ್ಕೆ. ಬಾಯಲ್ಲಿ ಸ್ವರ. ನಾನು ಕೈ ತಟ್ಟಿದ ತಕ್ಷಣ ರೂಪಕ ತಾಳಕ್ಕೆ ಬದಲಾಗಬೇಕು, ಇನ್ನೊಮ್ಮೆ ತಟ್ಟಿದ್ರೆ ಎರಡನೇ ಕಾಲ, ಅಂದ್ರೆ ಇಮ್ಮಡಿ ವೇಗ. ಇದು ನನ್ನ ಕಲ್ಪನೆ ಏನಲ್ಲ. ಸ್ವಿಟ್ಜರ್ಲೆಂಡಿನ ಜಾಕ್-ಡಾಲ್‌ಕ್ರೋಜ್ ಅನ್ನೋ ಸಂಗೀತದ ಮೇಷ್ಟ್ರು ನೂರು ವರ್ಷಕ್ಕೂ ಹಿಂದೆ ಮಕ್ಕಳಿಗೆ ಲಯ ಕಲಿಸೋಕೆ ಹೀಗೆ ನಡೆಸ್ತಿದ್ರು. ಪಿಯಾನೊ ನುಡಿಸೋರು ಲಯ ಬದಲಿಸಿದ್ರೆ ಮಕ್ಕಳ ಹೆಜ್ಜೆಯೂ ಬದಲಾಗಬೇಕು. ಜಿನೀವಾದ ವೈದ್ಯರು ಅದನ್ನ ಹಿರಿಯರ ಮೇಲೆ ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ರು. 65 ದಾಟಿದ 134 ಜನ, ವಾರಕ್ಕೆ ಒಂದೇ ಒಂದು ಗಂಟೆ, ಆರು ತಿಂಗಳು. ತರಗತಿಗೆ ಹೋದವರು ಹೋಗದವರಿಗಿಂತ ಅರ್ಧಕ್ಕೂ ಕಡಿಮೆ ಸಲ ಬಿದ್ದಿದ್ರು. ಮಾತಾಡ್ತಾ ನಡೆಯುವಾಗ ಹೆಜ್ಜೆ ಏರುಪೇರಾಗೋದೂ ಕಡಿಮೆಯಾಗಿತ್ತು.

ದೊಡ್ಡಮ್ಮ: ಅವರು ಪಿಯಾನೊ ಇಟ್ಕೊಂಡ್ರು. ನಮ್ಮಲ್ಲಿ ತಾಳ ಹಾಕೋ ಕೈ ಒಂದಿದ್ರೆ ಆಯ್ತು. ಇಂದಿರಾನಗರದ ಪುರಂದರ ಭವನದಲ್ಲಿ ಕಛೇರಿ ಕೇಳೋಕೆ ಬರೋರಲ್ಲಿ ಅರ್ಧ ಜನ ತೊಡೆ ಮೇಲೆ ತಾಳ ಹಾಕ್ತಾನೇ ಕೂತಿರ್ತಾರೆ. ಅವರನ್ನ ಎಬ್ಬಿಸಿ ನಿಲ್ಲಿಸಿದ್ರೆ ಸಾಕು ಅಂತೀಯಾ?

ಮಗಳು: ಅವರು ಬೇಗ ಕಲೀತಾರೆ. ಆದ್ರೆ ನಾನು ಶುರು ಮಾಡಬೇಕು ಅಂತಿರೋ ತರಗತಿಯಲ್ಲಿ ತಾಳ ಗೊತ್ತಿಲ್ಲದವರನ್ನ ಬಿಡೋಕಾಗಲ್ಲ. ಅವರಿಗೆ ಕೋಲಾಟ ಇದೆ. ಎದುರಿಗಿರೋರ ಕೋಲು ಎಲ್ಲಿ ಬರುತ್ತೆ ನೋಡಬೇಕು, ಪದ ಹೇಳೋರ ದನಿ ಕೇಳಬೇಕು, ಸುತ್ತು ತಿರುಗಿದಾಗ ಜೋಡಿ ಬದಲಾಗಿರುತ್ತೆ. ಜಪಾನಿನವರು ಚೌಕದ ಹೆಜ್ಜೆ ಅಂತ ಒಂದು ಮಾಡಿದ್ದಾರೆ. ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಚಾಪೆ. ಇಪ್ಪತ್ತೈದು ಸೆಂಟಿಮೀಟರಿನ ಮನೆಗಳು, ಅಗಲಕ್ಕೆ ನಾಲ್ಕು, ಉದ್ದಕ್ಕೆ ಹತ್ತು. ಮುಂದೆ ಒಬ್ಬರು ಒಂದು ಕ್ರಮದಲ್ಲಿ ಹೆಜ್ಜೆ ಇಟ್ಟು ತೋರಿಸ್ತಾರೆ, ಅದನ್ನ ನೆನಪಿಟ್ಟುಕೊಂಡು ಗೆರೆ ತುಳಿಯದೇ ಹಾಗೇ ದಾಟಬೇಕು. ಮೊದಲು ನೇರ, ಆಮೇಲೆ ಅಡ್ಡ, ಆಮೇಲೆ ಓರೆ, ಹಿಂದಕ್ಕೂ ಒಂದು ಹೆಜ್ಜೆ.

ದೊಡ್ಡಮ್ಮ: ಕುಂಟೆಬಿಲ್ಲೆ! ಕುಂಟೋದೊಂದು ಇಲ್ಲ. ಇದಕ್ಕೆ ಚಾಪೆ ಯಾಕೆ, ಸೀಮೆಸುಣ್ಣದಲ್ಲಿ ಬರೆದ್ರಾಯ್ತು.

ಮಗಳು: ಸೀಮೆಸುಣ್ಣವೇ ಒಳ್ಳೇದು, ಚಾಪೆಗೆ ಕಾಲು ಸಿಕ್ಕಿ ಬೀಳೋ ಭಯ ಇರಲ್ಲ. ಜಪಾನಿನಲ್ಲೇ ಆಯಿಚಿ ಪ್ರಾಂತ್ಯದ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರದವರು ಕಾಗ್ನಿಸೈಜ್ ಅಂತ ಇನ್ನೊಂದು ಮಾಡಿದ್ದಾರೆ. ಹೆಜ್ಜೆ ಎಣಿಸ್ತಾ ಹೋಗೋದು, ಮೂರರ ಮಗ್ಗಿಯ ಸಂಖ್ಯೆ ಬಂದಾಗ ಎಣಿಸದೇ ಚಪ್ಪಾಳೆ ತಟ್ಟೋದು. ಅಲ್ಲಿ ಒಂದು ಒಳ್ಳೇ ತತ್ವ ಇದೆ. ತಪ್ಪದೇ ಮಾಡೋಕೆ ಬಂತು ಅಂದ್ರೆ ಆಟ ಬದಲಿಸಬೇಕು, ಸ್ವಲ್ಪ ತಪ್ಪಾಗ್ತಾ ಇರೋವಷ್ಟು ಕಷ್ಟ ಇರಬೇಕು. ಎಲ್ಲರೂ ಸರಿ ಮಾಡೋ ತರಗತಿಯಲ್ಲಿ ಯಾರೂ ಏನೂ ಕಲೀತಿರಲ್ಲ.

ದೊಡ್ಡಮ್ಮ: ನಮ್ಮಲ್ಲಿ ಅಷ್ಟಾವಧಾನ ಮಾಡೋರು ಇದನ್ನೇ ಅಲ್ವಾ ಮಾಡೋದು? ಒಬ್ಬರು ನಿಷೇಧಾಕ್ಷರಿ ಹಾಕ್ತಾರೆ, ಒಬ್ಬರು ಸಮಸ್ಯೆ ಕೊಡ್ತಾರೆ, ಇನ್ನೊಬ್ಬರು ಸಂಖ್ಯಾಬಂಧದ ಮನೆಗೆ ಅಂಕಿ ಕೇಳ್ತಾರೆ. ಮಧ್ಯದಲ್ಲಿ ಅಪ್ರಸ್ತುತ ಪ್ರಸಂಗದವರು ಬೇಕಂತಲೇ ಏನೇನೋ ಕೇಳಿ ಗಮನ ಕೆಡಿಸ್ತಾರೆ. ಶತಾವಧಾನಿ ಗಣೇಶರ ಅವಧಾನ ನೋಡುವಾಗ ನಾನು ಆ ಅಪ್ರಸ್ತುತದವರನ್ನ ಬರೀ ನಗೋಕೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ.

ಮಗಳು: ನನ್ನ ತರಗತಿಯಲ್ಲಿ ಅಪ್ರಸ್ತುತದವರ ಜಾಗಕ್ಕೆ ನಾನೇ ನಿಲ್ತೀನಿ. ಒಂದು ವ್ಯತ್ಯಾಸ. ಅವಧಾನಿ ಕೂತಿರ್ತಾರೆ, ನಿಮ್ಮನ್ನ ನಾನು ನಡೆಸ್ತೀನಿ. ಹಾಗಾಗಿ ಮೊದಲ ವಾರಗಳಲ್ಲಿ ಗೋಡೆಯ ಪಕ್ಕ, ಕುರ್ಚಿ ಹಿಡಿದು. ತಲೆ ಸುತ್ತು ಇರೋರು, ನಿದ್ದೆ ಮಾತ್ರೆ ತಗೊಳ್ಳೋರು, ಇತ್ತೀಚೆಗೆ ಬಿದ್ದೋರು ಮೊದಲು ಡಾಕ್ಟರನ್ನ ನೋಡಿ ಬರಬೇಕು. ಇನ್ನೊಂದು, ಬಲ ಇಲ್ಲದ ಕಾಲಿಗೆ ಆಟ ಕಟ್ಟೋಕಾಗಲ್ಲ. ಮೊದಲ ಹದಿನೈದು ನಿಮಿಷ ಕೈ ಊರದೇ ಕುರ್ಚಿಯಿಂದ ಏಳೋದು, ಹಿಮ್ಮಡಿ ಎತ್ತೋದು, ಒಂದೇ ಗೆರೆ ಮೇಲೆ ನಡೆಯೋದು. 65 ದಾಟಿದವರು ವಾರಕ್ಕೆ ಮೂರು ದಿನವಾದ್ರೂ ಸಮತೋಲನದ ಮತ್ತು ಬಲದ ಅಭ್ಯಾಸ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ 150 ನಿಮಿಷದ ನಡಿಗೆ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ದೊಡ್ಡಮ್ಮ: ಇದನ್ನೆಲ್ಲ ನನ್ನ ಹಾಲಿನಲ್ಲೇ ಮಾಡ್ತೀನಿ, ವಿಡಿಯೋ ಕಳಿಸು. ಅದಕ್ಕೆ ಜನ ಯಾಕೆ?

ಮಗಳು: ಮೊದಲ ವಾರ ಮಾಡ್ತೀರಿ. ಎರಡನೇ ವಾರ ಯಾರೋ ಬರ್ತಾರೆ, ಮೂರನೇ ವಾರ ಹಬ್ಬ. ಹತ್ತು ಜನ ಕಾಯ್ತಿದ್ದಾರೆ ಅಂದ್ರೆ ಹೋಗ್ತೀರಿ. ಇನ್ನೊಂದು ಕಾರಣ ಭಯ. ಒಮ್ಮೆ ಬಿದ್ದವರು ಮೂಳೆ ಮುರಿಯದಿದ್ರೂ ಹೊರಗೆ ಬರೋದು ಬಿಡ್ತಾರೆ. ಹೊರಗೆ ಬರದಿದ್ರೆ ಕಾಲು ಸೋಲುತ್ತೆ, ಕಾಲು ಸೋತಿದ್ದಕ್ಕೆ ಮತ್ತೆ ಬೀಳ್ತಾರೆ. ಆ ಭಯಕ್ಕೆ ವಿಡಿಯೋದಲ್ಲಿ ಮದ್ದಿಲ್ಲ. ತನ್ನ ವಯಸ್ಸಿನ ಇನ್ನೊಬ್ಬಳು ಗೆರೆ ತಪ್ಪಿ, ನಕ್ಕು, ಮತ್ತೆ ಕಾಲಿಟ್ಟದ್ದನ್ನ ಕಣ್ಣೆದುರು ನೋಡಬೇಕು.

ದೊಡ್ಡಮ್ಮ: ಅದು ನಿಜ. ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ, ಗೇಟಿನವರೆಗೆ ಬಂದು ಒಳಗೆ ಹೋಗಿಬಿಡ್ತಾರೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತ, ಅದೇ ವರ್ಷ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೂ ಮೆಟ್ರೋ ಬಂತು. ಆದ್ರೂ ಅವರು ಹಲಸೂರು ಸೋಮೇಶ್ವರನ ಗುಡಿಗೆ ಹೋಗಿ ಎಷ್ಟು ಕಾಲವಾಯ್ತೋ. ಟಿಕೆಟ್ ಅಡ್ಡಿಯಲ್ಲ, ಬಸ್ಸಿನ ಮೊದಲ ಮೆಟ್ಟಿಲು ಅಡ್ಡಿ. ಹತ್ತಿ ಕೂರೋದಕ್ಕೆ ಮುಂಚೆ ಡ್ರೈವರ್ ಗಾಡಿ ಎತ್ತಿಬಿಟ್ರೆ ಅನ್ನೋ ಅಳುಕು. ಮೆಟ್ರೋದಲ್ಲಿ ಎಸ್ಕಲೇಟರ್ ಮುಂದೆ ಕಾಲು ಎತ್ತೋಕಾಗದೇ ನಿಂತಿರೋ ನಮ್ಮ ವಯಸ್ಸಿನವರನ್ನ ಇಂದಿರಾನಗರ ಸ್ಟೇಷನ್ನಿನಲ್ಲಿ ಯಾವಾಗ ಬೇಕಾದ್ರೂ ನೋಡಬಹುದು.

ಮಗಳು: ಬಸ್ ಮೆಟ್ಟಿಲಿನ ಎತ್ತರದ ಒಂದು ಮರದ ಪೆಟ್ಟಿಗೆ ತರಗತಿಯಲ್ಲಿ ಇಡಬೇಕು ಅಂತ ಮೊದಲಿಂದ ನನ್ನ ತಲೆಯಲ್ಲಿದೆ. ಹತ್ತು, ತಿರುಗು, ಕಂಬ ಹಿಡಿ, ಯಾರೋ ಕೂಗಿದ್ರೆ ಉತ್ತರ ಕೊಡು. ಅಭ್ಯಾಸ ಅಂದ್ರೆ ಅದೇ.

ದೊಡ್ಡಮ್ಮ: ಸರಿ. ಈಗ ನಾನು ಕೇಳ್ತೀನಿ, ಉತ್ತರ ಕೊಡು. ಇಂಥವೆಲ್ಲ ಯಾವಾಗ್ಲೂ ಇಂದಿರಾನಗರದ ಪಾರ್ಕಿನಲ್ಲೇ ಆಗುತ್ತೆ. ಡಿಫೆನ್ಸ್ ಕಾಲೊನಿಯವರು, ಎಚ್.ಎ.ಎಲ್. ಎರಡನೇ ಹಂತದವರು, ಮೊದಲೇ ಅಷ್ಟೋ ಇಷ್ಟೋ ವ್ಯಾಯಾಮ ಮಾಡಿ ಗಟ್ಟಿಯಾಗಿರೋರು ಬರ್ತಾರೆ. ಶಿವಾಜಿನಗರದ ಗಲ್ಲಿಗಳಲ್ಲಿ ಎರಡು ಮಹಡಿ ಮೇಲೆ ಕಡಿದಾದ ಮೆಟ್ಟಿಲ ಮನೆಗಳಲ್ಲಿರೋ ಮುದುಕಿಯರ ಗತಿಯೇನು? ಹಲಸೂರಿನಲ್ಲಿ ಕೆರೆ ದಂಡೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿದ್ದು ಕೆರೆ ನೋಡದವರಿದ್ದಾರೆ.

ಮಗಳು: ಒಪ್ಪಿದೆ. ಬಿದ್ದ ಮೇಲೆ ಬೌರಿಂಗ್ ಆಸ್ಪತ್ರೆಗೆ ಹೋಗೋರಿಗೆ ಬೀಳೋ ಮೊದಲು ಒಂದು ತರಗತಿ ಸಿಗಬೇಕು. ಅದು ನಡೆದು ಹೋಗೋ ದೂರದಲ್ಲಿರಬೇಕು, ದುಡ್ಡಿರಬಾರದು. ಇನ್ನೊಂದು ಹೇಳ್ತೀನಿ, ಈ ಕಡೆಯ ಗಲ್ಲಿಗಳಲ್ಲಿ ಇರೋ ಒಂದು ಆಸ್ತಿ ಬೇರೆ ಬಡಾವಣೆಗಳಲ್ಲಿ ಅಷ್ಟಿಲ್ಲ. ಒಬ್ಬ ಅಜ್ಜಿ ಮನೆಯಲ್ಲಿ ತಮಿಳು, ಪಕ್ಕದವರ ಹತ್ತಿರ ಉರ್ದು, ಅಂಗಡಿಯಲ್ಲಿ ಕನ್ನಡ, ಸಂಬಂಧಿಕರ ಜೊತೆ ತೆಲುಗು ಆಡ್ತಾರೆ, ಶಾಲೆಗೆ ಹೋದವರಲ್ಲ. ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನ ನಿಮ್ಸ್‌ನಲ್ಲಿದ್ದಾಗ ಡಿಮೆನ್ಶಿಯಾ ಇದ್ದ 648 ಜನರನ್ನ ನೋಡಿ 2013ರಲ್ಲಿ ಬರೆದ್ರು. ಎರಡು ಅಥವಾ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಹಾಗೇ. ಅವರು ಆಮೇಲೆ ನಮ್ಮ ನಿಮ್ಹಾನ್ಸ್‌ಗೇ ಬಂದ್ರು.

ದೊಡ್ಡಮ್ಮ: ನಾಲ್ಕು ಭಾಷೆ ಆಡಿದ್ರೆ ಮರೆವೇ ಬರಲ್ಲ ಅಂತಲಾ?

ಮಗಳು: ಅಲ್ಲ, ಬರುತ್ತೆ. ಅಲ್ಲಿ ನೋಡಿದವರೆಲ್ಲ ಕಾಯಿಲೆ ಬಂದವರೇ. ಒಂದು ಭಾಷೆ ತಡೆದು ಇನ್ನೊಂದಕ್ಕೆ ಹೊರಳೋ ಅಭ್ಯಾಸ ಮೆದುಳಿಗೆ ಸ್ವಲ್ಪ ಕಾಲ ಒತ್ತಾಸೆ ಕೊಡಬಹುದು ಅಂತ ಮಾತ್ರ. ನಾನು ಅದನ್ನ ಹೆಜ್ಜೆಗೆ ಕಟ್ಟಬೇಕು ಅಂತೀನಿ. ಇಪ್ಪತ್ತರಿಂದ ಕೆಳಗೆ ಕನ್ನಡದಲ್ಲಿ ಎಣಿಸ್ತಾ ಅಡ್ಡ ಹೆಜ್ಜೆ. ಚಪ್ಪಾಳೆ ಬಿದ್ರೆ ಅಲ್ಲಿಂದಲೇ ತಮಿಳು, ಮತ್ತೆ ಬಿದ್ರೆ ಉರ್ದು. ಇದಕ್ಕೆ ಪಾಠ ಕೇಳಿ ಬಂದ ಇಂದಿರಾನಗರದವರಿಗಿಂತ ಶಿವಾಜಿನಗರದ ಅಜ್ಜಿಯರೇ ಗುರುಗಳಾಗ್ತಾರೆ.

ದೊಡ್ಡಮ್ಮ: ಐ.ಟಿ.ಐ.ನಲ್ಲಿ ನಮ್ಮ ಸಾಲಿನಲ್ಲೂ ಹಾಗೇ ಇತ್ತು. ರಿಲೇಗೆ ವೈರು ಬೆಸುಗೆ ಹಾಕ್ತಾ ಹಾಕ್ತಾ ಎಡಗಡೆಯವಳ ಹತ್ತಿರ ತಮಿಳು, ಬಲಗಡೆಯವಳ ಹತ್ತಿರ ಕನ್ನಡ. ಕೈ ಮಾತ್ರ ತಪ್ತಿರಲಿಲ್ಲ. ಅವರಲ್ಲಿ ಕೆಲವರು ಇನ್ನೂ ಇದ್ದಾರೆ, ದೂರವಾಣಿ ನಗರದ ಆಚೀಚೆ. ಈಗಿನ ಮಾತು ಕೇಳಿದ ಮೇಲೆ ಅವರನ್ನ ಕರೆಯೋಣ ಅನ್ನಿಸ್ತಿದೆ. ಆದ್ರೆ ಸರಕಾರದವರು ಏನಾದ್ರೂ ಮಾಡ್ತಿದ್ದಾರಾ?

ಮಗಳು: ರಾಜ್ಯ ಸರಕಾರ, ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದ್ರು. ಮರೆವು, ಪಾರ್ಶ್ವವಾಯು, ಮೂರ್ಛೆ, ತಲೆನೋವು ಇವನ್ನೆಲ್ಲ ಜಿಲ್ಲಾ ಮಟ್ಟದಲ್ಲೇ ಗುರುತಿಸೋ ಕೆಲಸ ಅದು, ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಿಂದ ಆರಂಭ. ನಿಮ್ಮ ಮನೆ ಮುಂದಿನ ಹಳೇ ಮದ್ರಾಸು ರಸ್ತೆ ಕೋಲಾರದ ಕಡೆಗೇ ಹೋಗುತ್ತಲ್ಲ, ಆ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಐ.ಐ.ಎಸ್‌ಸಿ.ಯ ಮೆದುಳು ಸಂಶೋಧನಾ ಕೇಂದ್ರದವರು ಹಳ್ಳಿಯ ಹತ್ತು ಸಾವಿರ ಜನರನ್ನ ವರ್ಷಗಟ್ಟಲೆ ಗಮನಿಸೋ ಅಧ್ಯಯನ ಹಮ್ಮಿಕೊಂಡಿದ್ದಾರೆ. ನಿಮಗೆ ಹತ್ತಿರ ಅಂದ್ರೆ ಕಸ್ತೂರಿನಗರ. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು 2010ರಿಂದ ಅಲ್ಲಿ ಆಲ್ಜೈಮರ್ಸ್ ಇದ್ದವರಿಗಾಗಿ ಕೇಂದ್ರ ನಡೆಸ್ತಿದ್ದಾರೆ. ಪೊಲೀಸರ ಜೊತೆ ಸೇರಿ ಹಿರಿಯರ ಸಹಾಯವಾಣಿ 1090 ಕಟ್ಟಿದವರೂ ಅವರೇ. ಇವೆಲ್ಲ ದೊಡ್ಡ ಕೆಲಸ. ಆದ್ರೆ ಬಹುಪಾಲು ಕಾಯಿಲೆ ಬಂದ ಮೇಲಿನ ಕೆಲಸ, ಇಲ್ಲ ಕಾಯಿಲೆ ಹೇಗೆ ಬರುತ್ತೆ ಅಂತ ತಿಳಿಯೋ ಕೆಲಸ. ನಿಮ್ಮ ಬೀದಿಯ ಆ ಇಬ್ಬರಿಗೆ ಬೇಕಾದ್ದು ಒಂದು ಬಯಲು, ಸೀಮೆಸುಣ್ಣ, ಹದಿನೈದು ಕುರ್ಚಿ, ತರಬೇತಿ ಆದ ಒಬ್ಬರು.

ದೊಡ್ಡಮ್ಮ: ಮತ್ತೆ ಹೊತ್ತು. ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ನಗೆಕೂಟ, ಏಳಕ್ಕೆ ಯೋಗ. ಅಲ್ಲಿ ಗಂಡಸರೇ ಹೆಚ್ಚು, ಯಾಕೆ ಗೊತ್ತಾ? ಆ ಹೊತ್ತಿಗೆ ನಾವು ಒಲೆ ಮುಂದೆ. ಡಬ್ಬಿ ಕಟ್ಟಿ, ಮೊಮ್ಮಕ್ಕಳನ್ನ ಸ್ಕೂಲ್ ವ್ಯಾನು ಹತ್ತಿಸಿ, ಪಾತ್ರೆ ಮುಗಿಸೋ ಹೊತ್ತಿಗೆ ಹನ್ನೊಂದು. ಪುರುಸೊತ್ತು ಇರೋದು ಹನ್ನೊಂದರಿಂದ ಎರಡರವರೆಗೆ. ಅಷ್ಟು ಹೊತ್ತಿಗೆ ಪಾರ್ಕಿಗೆ ಬೀಗ.

ಮಗಳು: ಪಾರ್ಕುಗಳನ್ನ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕು ಅಂತ 2024ರಲ್ಲಿ ಪಾಲಿಕೆಯವರೇ ಹೇಳಿದ್ರಲ್ಲ. ಬೀಗ ಹಾಕಿದ್ದರೆ ಅದನ್ನ ತೋರಿಸಿ ಕೇಳೋ ಹಕ್ಕು ನಮಗಿದೆ. ಪಾಲಿಕೆಯವರಿಗೆ ನಾನೇ ಅರ್ಜಿ ಬರೀತೀನಿ. ವಾರಕ್ಕೆ ಎರಡು ದಿನ ಕೂಡಿ, ಒಂದು ದಿನ ಅವರವರ ಮನೆಯಲ್ಲಿ. ಮಂಗಳವಾರ, ಶುಕ್ರವಾರ ಇಟ್ಕೊಳ್ಳೋಣವೇ?

ದೊಡ್ಡಮ್ಮ: ಎರಡೂ ಬೇಡ. ನಮ್ಮವರಿಗೆ ಆ ಎರಡು ದಿನ ಪೂಜೆ, ಗುಡಿ. ಶುಕ್ರವಾರ ಸಾಬರ ಮನೆಗಳಲ್ಲಿ ನಮಾಜಿನ ದಿನ. ಸೋಮವಾರ, ಗುರುವಾರ ಇಡು, ಹನ್ನೊಂದೂವರೆಗೆ. ಗುರುವಾರ ರಾಯರ ಮಠಕ್ಕೆ ಹೋಗೋರು ಅಷ್ಟು ಹೊತ್ತಿಗೆ ಬಂದಿರ್ತಾರೆ. ಬಿಸಿಲಿಗೆ ಮೇಲೊಂದು ಶೀಟು ಇರೋ ಜಾಗ ಕೇಳು. ಕುರ್ಚಿ ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತೆ. ಹವಾಯಿ ಚಪ್ಪಲಿಯಲ್ಲಿ ಬಂದವರನ್ನ ವಾಪಸ್ ಕಳಿಸಬೇಡ, ಅಂಥವರ ಹತ್ತಿರ ಬೇರೆ ಇರೋದಿಲ್ಲ. ಹಿಂದೆ ಪಟ್ಟಿ ಇರೋದನ್ನ ಹೇಗಾದ್ರೂ ಮಾಡಿ ಕೊಡಿಸೋಣ. ಜನ ಕರೆಯೋದು ನನಗೆ ಬಿಡು.

ಮಗಳು: ಅರ್ಜಿಯಲ್ಲಿ ಇನ್ನೇನು ಸೇರಿಸಲಿ?

ದೊಡ್ಡಮ್ಮ: ಟಾಯ್ಲೆಟ್. ಪಾರ್ಕಿನಲ್ಲಿ ಇದೆ ಅಂತ ಬರೆದಿರ್ತಾರೆ, ಬೀಗ ಹಾಕಿರ್ತಾರೆ. ಅದರ ಕೀಲಿ ಯಾರ ಹತ್ತಿರ ಇರುತ್ತೆ, ಹನ್ನೊಂದೂವರೆಗೆ ಆ ಮನುಷ್ಯ ಅಲ್ಲಿ ಇರ್ತಾನಾ, ಮೊದಲು ಅದನ್ನ ಕೇಳ್ಕೊಂಡು ಬಾ. ಅದು ತೆರೆದಿಲ್ಲ ಅಂದ್ರೆ ನಮ್ಮ ವಯಸ್ಸಿನ ಹೆಂಗಸರು ಮೊದಲ ದಿನ ನನ್ನ ಮುಖ ನೋಡಿ ಬರ್ತಾರೆ, ಎರಡನೇ ದಿನಕ್ಕೆ ಬರೋದಿಲ್ಲ.